ಯುದ್ಧಕ್ಕೆ ಸಾಲ ಕೊಟ್ಟವನೇ ಸೆರೆಮನೆಯಲ್ಲಿ

ಗೋವಾದ ಇನ್‌ಕ್ವಿಸಿಷನ್ (ಧರ್ಮದ್ರೋಹದ ಆರೋಪ ವಿಚಾರಿಸುವ ಚರ್ಚ್ ನ್ಯಾಯಾಲಯ) ಹೆಸರು ನಮ್ಮ ಕರಾವಳಿಗೆ ಹೊಸದಲ್ಲ. ಅದರ ಮೂಲ ಲಿಸ್ಬನ್‌ನಲ್ಲಿತ್ತು. ಅಲ್ಲಿ ಅದು ಸ್ವಂತ ದೊರೆಯ ಜೊತೆಗೇ ಜಿದ್ದಿಗೆ ಬಿದ್ದ ಕತೆ ಮಾತ್ರ ಸ್ವಲ್ಪ ಗೋಜಲು.

1536ರಲ್ಲಿ ಈ ಧಾರ್ಮಿಕ ನ್ಯಾಯಾಲಯವನ್ನು ಪೋಪ್‌ ಹತ್ತಿರ ಕೇಳಿ ತಂದಿದ್ದೇ ಪೋರ್ಚುಗಲ್‌ನ ದೊರೆ. ಬಲವಂತಕ್ಕೆ ಕ್ರೈಸ್ತರಾದ ಯಹೂದಿಗಳ ವಂಶದವರು, ಅಂದರೆ 'ಹೊಸ ಕ್ರೈಸ್ತರು', ಅದರ ಮುಖ್ಯ ಗುರಿ. ನೂರು ವರ್ಷ ಅರಮನೆಗೂ ಅದಕ್ಕೂ ಹೆಚ್ಚುಕಡಿಮೆ ಹೊಂದಿಕೊಂಡೇ ನಡೆಯಿತು.

1640ರಲ್ಲಿ ಪೋರ್ಚುಗಲ್ ಸ್ಪೇನ್‌ನಿಂದ ಬಿಡಿಸಿಕೊಂಡಿತು. ನಾಲ್ಕನೇ ಜೊವಾಂವ್ ದೊರೆಯಾದ. ಮರುವರ್ಷವೇ ಅವನ ವಿರುದ್ಧ ಪಿತೂರಿ. ಬಂಧಿತರಲ್ಲಿ ಇನ್‌ಕ್ವಿಸಿಷನ್‌ನ ಮುಖ್ಯಸ್ಥರೂ ಇದ್ದರು! 1643ರಲ್ಲಿ ಬಿಡುಗಡೆಯಾಗಿ ಮತ್ತೆ ಅದೇ ಪೀಠದಲ್ಲಿ ಕೂತರು.

ಇತ್ತ ಗಡಿಯಲ್ಲಿ ಸ್ಪೇನ್, ಅತ್ತ ಪೋರ್ಚುಗಲ್‌ನ ವಸಾಹತು ಬ್ರೆಜಿಲ್‌ನಲ್ಲಿ ಡಚ್ಚರು. ಯುದ್ಧಕ್ಕೆ ದುಡ್ಡು ಬೇಕು. ದುಡ್ಡಿದ್ದದ್ದು ಹೊಸ ಕ್ರೈಸ್ತ ವ್ಯಾಪಾರಿಗಳ ಹತ್ತಿರ. ದೊರೆಗೆ ಸಾಲ ಕೊಡುತ್ತಿದ್ದ ದುವಾರ್ತೆ ದ ಸಿಲ್ವಾ 1647ರಲ್ಲಿ ಇನ್‌ಕ್ವಿಸಿಷನ್ ಕೈಗೆ ಸಿಕ್ಕ. ಬಂಧಿಸಿದ ತಕ್ಷಣ ಆಸ್ತಿಗೆ ಬೀಗ, ವಿಚಾರಣೆ ಆಮೇಲೆ. ಅವನ ಪಾಲುದಾರರು, ಸಾಲ ಕೊಟ್ಟವರು, ಅವನ ಹುಂಡಿ (ಹಣ ಪಾವತಿಯ ಚೀಟಿ) ಹಿಡಿದವರು ಎಲ್ಲರೂ ಸಿಕ್ಕಿಹಾಕಿಕೊಂಡರು. ಇಂಥ ಊರಲ್ಲಿ ಯಾರು ತಾನೇ ಬಂಡವಾಳ ಹಾಕ್ತಾರೆ?

ಜೆಸುಯಿಟ್ ಪಾದ್ರಿ ಅಂತೋನಿಯೊ ವಿಯೈರಾ ಇದನ್ನೇ ದೊರೆಗೆ ಹೇಳುತ್ತಾ ಬಂದರು. 1649ರ ಫೆಬ್ರವರಿಯಲ್ಲಿ ಆಜ್ಞೆ ಹೊರಟಿತು: ಹೊಸ ಕ್ರೈಸ್ತರಿಗೆ ಶಿಕ್ಷೆಯಾದರೂ ಆಸ್ತಿ ಮುಟ್ಟುಗೋಲು ಇಲ್ಲ. ಬದಲಿಗೆ ಅವರು ಹೊಸ ಬ್ರೆಜಿಲ್ ಕಂಪನಿಗೆ ಬಂಡವಾಳ ಹಾಕಬೇಕು. ಸಕ್ಕರೆ ಹಡಗುಗಳ ಕಾವಲಿಗೆ ಕಂಪನಿ 36 ಯುದ್ಧನೌಕೆ ಕೊಡಬೇಕು. ಪ್ರತಿಯಾಗಿ ಬ್ರೆಜಿಲ್‌ಗೆ ದ್ರಾಕ್ಷಾರಸ, ಹಿಟ್ಟು, ಆಲಿವ್ ಎಣ್ಣೆ, ಒಣಮೀನು ಮಾರುವ ಏಕಸ್ವಾಮ್ಯ ಅದಕ್ಕೆ. ಮುಟ್ಟುಗೋಲಿನ ಆಸ್ತಿ ಕಾನೂನಿನ ಪ್ರಕಾರ ದೊರೆಯ ಖಜಾನೆಯದು. ಆದರೆ ನ್ಯಾಯಾಲಯದ ಖರ್ಚು ಕಳೆದು ಏನಾದರೂ ಉಳಿದರೆ ತಾನೆ? ಹಾಗಾಗಿ ದೊರೆ ಬಿಟ್ಟುಕೊಟ್ಟದ್ದು ತನ್ನದಕ್ಕಿಂತ ನ್ಯಾಯಾಲಯದ ವರಮಾನವನ್ನೇ ಜಾಸ್ತಿ.

ಇನ್‌ಕ್ವಿಸಿಷನ್ ಸುಮ್ನೆ ಕೂರಲಿಲ್ಲ, ರೋಮ್‌ಗೆ ದೂರು ಕೊಟ್ಟಿತು. ಪೋಪ್ ಆಕ್ಷೇಪಿಸಿದರೂ ದೊರೆ ಜಗ್ಗಲಿಲ್ಲ. 1654ರಲ್ಲಿ ಕಂಪನಿಯ ಹಡಗುಗಳು ಸಮುದ್ರದ ಕಡೆಯಿಂದ ಮುತ್ತಿಗೆ ಹಾಕಿದಾಗ ಬ್ರೆಜಿಲ್‌ನ ರೆಸಿಫೆ ಬಂದರಿನಲ್ಲಿದ್ದ ಡಚ್ಚರು ಶರಣಾದರು. ಲೆಕ್ಕ ಸರಿಹೋಯಿತು ಅಲ್ವಾ?

1656ರಲ್ಲಿ ದೊರೆ ತೀರಿಕೊಂಡ. ಮರುವರ್ಷವೇ ಆ ರಿಯಾಯಿತಿ ರದ್ದಾಯಿತು. ಸ್ಪೇನ್ ಜೊತೆಗಿನ ಯುದ್ಧ 1668ರವರೆಗೂ ಎಳೆಯಿತು. ಅದು ಮುಗಿಯುವ ಮೊದಲೇ, 1665ರಲ್ಲಿ, ವಿಯೈರಾ ಕೂಡ ಕೊಯಿಂಬ್ರಾದ ಇನ್‌ಕ್ವಿಸಿಷನ್ ಸೆರೆಮನೆ ಸೇರಿದ್ದರು.