ಕಸೂತಿ ಆರ್ಡರ್ ಒಪ್ಪಿಕೊಳ್ಳುವ ಮುನ್ನ

ಕಸೂತಿ ವ್ಯಾಪಾರದಲ್ಲಿ ಗ್ರಾಹಕರೊಂದಿಗೆ ಏಳುವ ತಕರಾರುಗಳ ಬೇರು ಬಹುಮಟ್ಟಿಗೆ ಆರ್ಡರ್ ಹಿಡಿದ ದಿನದ ಮಾತುಕತೆಯಲ್ಲಿಯೇ ಇರುತ್ತದೆ. ಹೊಲಿಗೆ ಕೆಟ್ಟಿದೆಯೆಂದು ಸೀರೆ ವಾಪಸು ಬರುವುದು ಅಪರೂಪ. ‘ಹೀಗಾಗುತ್ತದೆಂದು ನೀವು ಮೊದಲೇ ಹೇಳಲಿಲ್ಲ’ ಎಂಬ ಮಾತಿನೊಂದಿಗೆ ಬರುವುದೇ ಹೆಚ್ಚು. ಧಾರವಾಡದಲ್ಲಿ, ಮನೆಯಲ್ಲೇ ಕುಳಿತು ಕಸೂತಿ ಹಾಕುವ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನನ್ನ ಬಳಿಗೆ ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಸಲಹೆ ಕೇಳಲು ಬರುತ್ತಾರೆ. ಗಿರಾಕಿಗಳನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದೇ ಅವರ ಮೊದಲ ಪ್ರಶ್ನೆ. ಯಾವ ಕೆಲಸವನ್ನು ಯಾವ ಮಾತಿನ ಮೇಲೆ ಒಪ್ಪಿಕೊಳ್ಳಬೇಕೆಂಬುದನ್ನು ಮೊದಲು ಕಲಿಯಿರಿ ಎಂದು ನಾನು ಹೇಳುತ್ತೇನೆ.

ಬಟ್ಟೆಯಿಂದ ಆರಂಭಿಸೋಣ. ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಉದ್ದಕ್ಕಿರುವ ಹಾಸಿನ ಮತ್ತು ಅಡ್ಡಕ್ಕಿರುವ ಹೊಕ್ಕಿನ ಎಳೆಗಳನ್ನು ಎಣಿಸುತ್ತ ಹೋದಂತೆಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಮೂಡಬೇಕು. ಎಳೆ ಕಣ್ಣಿಗೆ ಕಾಣುವ ಇಳಕಲ್ ಸೀರೆಯೂ ಕೈಮಗ್ಗದ ಹತ್ತಿ ಬಟ್ಟೆಯೂ ಇದಕ್ಕೆ ಹೇಳಿ ಮಾಡಿಸಿದಂಥವು. ಹಾಸಿನ ಎಳೆಗಳು ಹೊಕ್ಕಿನ ಎಳೆಗಳಿಗಿಂತ ದಟ್ಟವಾಗಿರುವ ಬಟ್ಟೆಯಲ್ಲಿ, ಎರಡೂ ಕಡೆ ಸಮನಾಗಿ ಎಣಿಸಿ ಹಾಕಿದರೂ ಚೌಕಾಕಾರದ ವಿನ್ಯಾಸ ಹಾಸಿನ ದಿಕ್ಕಿಗೆ ನೀಳವಾಗಿ ಕಾಣುತ್ತದೆ, ಆನೆ ಸೊರಗಿದಂತಾಗುತ್ತದೆ. ಇದು ಹಾಕಿದವಳ ತಪ್ಪಲ್ಲ, ಆದರೆ ಬಟ್ಟೆಯ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಮಾದರಿಯೊಂದನ್ನು ಹಾಕಿ ತೋರಿಸದಿದ್ದರೆ ಗ್ರಾಹಕರಿಗೆ ಅದು ತಪ್ಪಾಗಿಯೇ ಕಾಣುತ್ತದೆ. ರೇಷ್ಮೆ, ಜಾರ್ಜೆಟ್‌ನಂತಹ ಬಟ್ಟೆಯಲ್ಲಿ ಎಳೆ ಎಣಿಸಲು ಬಾರದ ಕಾರಣ ಮೇಲೆ ಜಾಳಾದ ಕ್ಯಾನ್ವಾಸನ್ನು ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ಅದರ ಎಳೆ ಎಣಿಸಿ ಕಸೂತಿ ಹಾಕಿ, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆಯಬೇಕಾಗುತ್ತದೆ. ಇದರಿಂದ ಸಮಯವೂ ಬೆಲೆಯೂ ಏರುತ್ತವೆ.

ಮಗಳ ಕುಬಸದ (ಸೀಮಂತದ) ಕಾರ್ಯಕ್ಕೆಂದು ನುಣುಪಾದ ಸ್ಯಾಟಿನ್ ಸೀರೆ ತಂದಿದ್ದ ತಾಯಿಯೊಬ್ಬರಿಗೆ ನಮ್ಮಲ್ಲಿಯ ಹಿರಿಯ ಕೆಲಸಗಾರ್ತಿ ಹೇಳಿದ್ದಿಷ್ಟು: “ಅಕ್ಕಾರ, ಇದರ ಮ್ಯಾಲ ಎಳಿ ಕಾಣಂಗಿಲ್ರಿ. ಕ್ಯಾನ್ವಾಸ್ ಇಟ್ಟು ಹಾಕಿದ್ರೂ ಅದನ್ನ ಕೀಳೂವಾಗ ಬಟ್ಟಿ ಜಗ್ಗತೈತಿ. ಇದಕ್ಕ ಹೊಂದೋ ಹತ್ತಿ ಬಟ್ಟಿ ಇದ್ರ ತರ್ರಿ, ಜಂಪರಿಗೆ ಹಾಕ್ಕೊಡ್ತೀವಿ.” ಅವರು ಸೀರೆಯನ್ನು ವಾಪಸು ಒಯ್ದರು. ಇದರಲ್ಲಿ ನಷ್ಟವೇನೂ ಇಲ್ಲ. ಕಾರ್ಯದ ದಿನ ಮುಂದೆ ಹೋಗುವುದಿಲ್ಲ, ಕೆಟ್ಟ ಸೀರೆಗೆ ಬದಲಿ ಕೊಡಿಸಲು ಆಗ ವೇಳೆಯೂ ಇರುವುದಿಲ್ಲ. ಹೀಗಿರುವಾಗ ಬೇಡವೆಂದ ಆರ್ಡರು ಹಿಡಿದ ಆರ್ಡರಿಗಿಂತ ಅಗ್ಗವೇ.

ಎರಡನೆಯದು, ನಮ್ಮ ಕಲೆಯ ಬಗ್ಗೆ ನಾವೇ ಉತ್ಸಾಹದಲ್ಲಿ ಆಡುವ ಅತಿಮಾತು. ‘ಕಸೂತಿ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ, ಗಂಟು ಇರುವುದಿಲ್ಲ’ ಎಂದು ಮಾರಾಟ ಮೇಳಗಳಲ್ಲಿ ಎಲ್ಲರೂ ಹೇಳುತ್ತೇವೆ. ಗಂಟು ಹಾಕದೆ ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸುವುದು ನಿಜ. ಗವಂತಿ ಮತ್ತು ಮುರಗಿ ಹೊಲಿಗೆಗಳಲ್ಲಿ ಸೂಜಿ ಹೋದ ದಾರಿಯಲ್ಲಿಯೇ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುವುದರಿಂದ ಎರಡೂ ಬದಿ ಒಂದೇ ಆಗಿರುವುದೂ ನಿಜ. ನೇಗಿಯಲ್ಲಾದರೋ ಮೇಲೆ ಉದ್ದ ಬಂದ ಎಳೆ ಹಿಂದೆ ಗಿಡ್ಡವಾಗಿರುತ್ತದೆ. ಮೆಂತೆಯಲ್ಲಿ ಮುಂದಿನ ಕತ್ತರಿಗಳು ಹಿಂದೆ ಹಾಗೆಯೇ ಬರುವುದಿಲ್ಲ. ನಾಲ್ಕೂ ಹೊಲಿಗೆಗಳು ಇರುವ ಸೆರಗನ್ನು ಮಾರುವಾಗ ಸಾರಾಸಗಟಾಗಿ ‘ಎರಡೂ ಬದಿ ಒಂದೇ’ ಎಂದರೆ, ಮನೆಗೆ ಹೋಗಿ ಸೆರಗು ತಿರುವಿ ನೋಡಿದ ಗ್ರಾಹಕರಿಗೆ ಮೋಸವಾಯಿತೆಂದು ಅನ್ನಿಸುವುದು ಸಹಜ. ನಾವೇ ಸೆರಗು ತಿರುವಿ, ಇದು ಗವಂತಿ, ಇದು ನೇಗಿ ಎಂದು ತೋರಿಸಿಕೊಟ್ಟರೆ ಅದೇ ಗ್ರಾಹಕರು ಮುಂದೆ ಇನ್ನೊಬ್ಬರಿಗೆ ತೋರಿಸುತ್ತಾರೆ.

ಇನ್ನು ವೇಳೆ ಮತ್ತು ಬೆಲೆ. ಇವೆರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು, ಮತ್ತು ಸಾಧ್ಯವಾದರೆ ಗ್ರಾಹಕರ ಎದುರಿಗೇ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಸೆರಗಿಗೆ 120 ಗಂಟೆ ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಮನೆವಾರ್ತೆ ಮುಗಿಸಿ ಕೂರುವ ಹೆಂಗಸಿಗೆ ದಿನಕ್ಕೆ ನಾಲ್ಕು ಗಂಟೆ ಸಿಕ್ಕರೆ ಅದು 30 ದಿನಗಳ ಕೆಲಸ. ಹಬ್ಬ, ಜ್ವರ, ಮಕ್ಕಳ ಪರೀಕ್ಷೆಗಳನ್ನು ಸೇರಿಸಿದರೆ 40 ದಿನಗಳೆಂದು ಹೇಳುವುದೇ ಸರಿ. ಚಂದ್ರಕಾಳಿಯಂತಹ ಕಪ್ಪು ಸೀರೆಯಾದರೆ ಇನ್ನೂ ಹೆಚ್ಚು, ಏಕೆಂದರೆ ಕಪ್ಪಿನ ಮೇಲೆ ಎಳೆ ಎಣಿಸುವ ಕೆಲಸವನ್ನು ಹಗಲು ಬೆಳಕಿನಲ್ಲಿಯೇ ಮಾಡಬೇಕು. ರಾತ್ರಿ ದೀಪದಡಿ ಕೂರಿಸಿದರೆ ಕಣ್ಣೂ ಹಾಳು, ಕೆಲಸವೂ ಹಾಳು. ಗಂಟೆಗೆ 60 ರೂಪಾಯಿಯಂತೆ ಹಿಡಿದರೂ ಕೂಲಿಯೇ 7,200 ರೂಪಾಯಿ ಆಗುತ್ತದೆ. ಅದರ ಮೇಲೆ ದಾರ, ತೊಳೆದು ಇಸ್ತ್ರಿ ಮಾಡುವ ಖರ್ಚು, ಬಟ್ಟೆಯನ್ನು ಮನೆಮನೆಗೆ ಮುಟ್ಟಿಸಿ ತರುವ ಓಡಾಟ, ಹಾಳಾದ ಕೆಲಸಕ್ಕೆಂದು ಎತ್ತಿಡಬೇಕಾದ ಪಾಲು, ಘಟಕ ನಡೆಸುವವರ ದುಡಿಮೆ. ಈ ಕೊನೆಯದನ್ನು ಹೊಸಬರು ಲೆಕ್ಕಕ್ಕೇ ಹಿಡಿಯುವುದಿಲ್ಲ, ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯಲಿಲ್ಲವೆಂದು ಕೊರಗುತ್ತಾರೆ.

ಚೌಕಾಸಿ ಮಾಡುವ ಗ್ರಾಹಕರ ಮೇಲೆ ನನಗೆ ಸಿಟ್ಟಿಲ್ಲ; ಪೇಟೆಯಲ್ಲಿ ಚೌಕಾಸಿ ಮಾಡುವುದು ನಮ್ಮೆಲ್ಲರ ಅಭ್ಯಾಸವೇ. ಆದರೆ ಕಡಿಮೆ ಮಾಡಿದ ಹಣ ಎಲ್ಲಿಂದ ಹೋಗುತ್ತದೆ ಎಂಬುದನ್ನು ಘಟಕ ನಡೆಸುವವರು ತಿಳಿದಿರಬೇಕು. ಕೂಲಿಯಿಂದ ಕಡಿದರೆ ಎಣಿಕೆ ತಪ್ಪಲಾರಂಭಿಸುತ್ತದೆ, ಎರಡು ಎಳೆಯ ಕಡೆ ಮೂರು ಎಳೆ ಬಿಟ್ಟು ಬೇಗ ಮುಗಿಸುವ ಆತುರ ಬರುತ್ತದೆ, ಅದರ ಫಲವನ್ನು ಕೊನೆಗೆ ಉಣ್ಣುವವರು ಆ ಗ್ರಾಹಕರೇ. ಹೀಗಾಗಿ ನಾವು ದರ ಇಳಿಸುವುದಿಲ್ಲ, ಕೆಲಸ ಇಳಿಸುತ್ತೇವೆ: ಸೆರಗಿನ ತುಂಬ ತೇರಿನ ಬದಲು ಅಂಚಿನುದ್ದಕ್ಕೂ ಸಣ್ಣ ಗೋಪುರಗಳು, ನೇಗಿ ತುಂಬಿದ ಆನೆಯ ಬದಲು ಗವಂತಿಯ ಗೆರೆಯಲ್ಲಿ ಮೂಡಿದ ನವಿಲು. ಒಂದೇ ಕೆಲಸಕ್ಕೆ ಇಬ್ಬರಿಗೆ ಎರಡು ಬೆಲೆ ಹೇಳುವುದಂತೂ ಕೂಡದು. ನಮ್ಮ ಭಾಗದ ಮದುವೆ ಮನೆಗಳಲ್ಲಿ ಸೀರೆಯ ಬೆಲೆ ಗುಟ್ಟಾಗಿ ಉಳಿಯುವ ಸಂಗತಿಯಲ್ಲ.

ಒಪ್ಪಿದ ಮಾತೆಲ್ಲ ಚೀಟಿಯಲ್ಲಿ ಬರಬೇಕು: ವಿನ್ಯಾಸ, ದಾರದ ಲಡಿಯ ಮೇಲಿನ ಬಣ್ಣದ ಸಂಖ್ಯೆ, ಕೊಡುವ ದಿನ, ಮುಂಗಡ, ಆರ್ಡರ್ ರದ್ದಾದರೆ ಮುಂಗಡದಲ್ಲಿ ಎಷ್ಟು ಮರಳಿ ಸಿಗುತ್ತದೆ ಎಂಬುದು. ತೆರಿಗೆಯ ವಿಷಯದಲ್ಲಿ ಅನೇಕರಿಗೆ ಗೊತ್ತಿರದ ಸಂಗತಿಯೊಂದಿದೆ. ನಮ್ಮದೇ ಸೀರೆಗೆ ಕಸೂತಿ ಹಾಕಿ ಮಾರಿದರೆ ಅದು ಸರಕಿನ ಮಾರಾಟ. ಗ್ರಾಹಕರು ತಂದ ಬಟ್ಟೆಗೆ ಹಾಕಿಕೊಟ್ಟರೆ ಜಿಎಸ್‌ಟಿ ಕಾನೂನಿನ ಪ್ರಕಾರ ಅದು ಸೇವೆ. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆಗೆ 20 ಲಕ್ಷ. ಎರಡನ್ನೂ ಮಾಡುವ ಘಟಕವು 40 ಲಕ್ಷದ ಭರವಸೆಯಲ್ಲಿ ಕೂರುವಂತಿಲ್ಲ. ಹೊರರಾಜ್ಯಕ್ಕೆ ಕಳಿಸುವವರು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಕಂಪ್ಯೂಟರ್ ಯಂತ್ರದಲ್ಲಿ ಹಾಕಿದ ‘ಕಸೂತಿ’ ಇಂದು ಪೇಟೆಯ ತುಂಬ ಇದೆ. ಅದನ್ನು ಕೊಳ್ಳುವವರನ್ನು ಹೀಯಾಳಿಸುವುದರಲ್ಲಿ ಅರ್ಥವಿಲ್ಲ, ಎಲ್ಲರ ಕೈಗೂ ಕೈಕೆಲಸದ ಬೆಲೆ ಎಟುಕುವುದಿಲ್ಲ. ಯಂತ್ರದ್ದನ್ನೂ ಮಾರುವುದಾದರೆ ಬೇರೆ ಕಪಾಟಿನಲ್ಲಿ, ಬೇರೆ ಚೀಟಿ ಅಂಟಿಸಿ ಮಾರಬೇಕು. ಯಂತ್ರದ ಕೆಲಸವನ್ನು ಕೈಕೆಲಸವೆಂದು ಹೇಳುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಭೌಗೋಳಿಕ ಸೂಚಿಯ (ಜಿಐ) ನೋಂದಣಿಯೂ ಕಸೂತಿಗೆ ಇದೆ. ಆದರೆ ಅದರ ಗುರುತನ್ನು ನಮ್ಮ ಪ್ಯಾಕೆಟ್ಟಿನ ಮೇಲೆ ಹಾಕಿಕೊಳ್ಳಬೇಕಾದರೆ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಂಡಿರಬೇಕು.

ದೂರದ ಗ್ರಾಹಕರೊಂದಿಗಿನ ವ್ಯವಹಾರವೆಲ್ಲ ಫೋಟೋದ ಮೇಲೆ ನಿಂತಿದೆ. ಮೊಮ್ಮಗುವಿಗೆ ಕುಂಚಿಗೆ, ಕುಲಾಯಿ ಬೇಕೆಂದು ಅಮೆರಿಕದಿಂದ ಕೇಳುವ ಅಜ್ಜಿಯರಿಗೂ ಬೆಂಗಳೂರಿನಿಂದ ಸೀರೆ ಕೇಳುವವರಿಗೂ ಬಣ್ಣ ತಿಳಿಯುವುದು ಫೋನಿನ ಪರದೆಯಲ್ಲಿಯೇ. ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ, ಬಿಳಿ ಕಾಗದವೊಂದನ್ನು ಜೊತೆಗಿಟ್ಟು ತೆಗೆದ ಫೋಟೋದಲ್ಲಿ ಬಣ್ಣ ಹೆಚ್ಚು ಸುಳ್ಳಾಡುವುದಿಲ್ಲ. ಅಳತೆ ತಿಳಿಯಲು ವಿನ್ಯಾಸದ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟರೆ ಸಾಕು. ಮದುಮಗಳ ಸೀರೆಯ ಫೋಟೋವನ್ನು ಮದುವೆ ಮುಗಿಯುವ ಮುಂಚೆ, ಆಕೆಯನ್ನು ಕೇಳದೆ, ಇನ್‌ಸ್ಟಾಗ್ರಾಮಿಗೆ ಏರಿಸುವುದು ಮಾತ್ರ ಶುದ್ಧ ಅವಿವೇಕ.

ದೂರು ಬಂದಾಗ ಮೊದಲು ಆಗಬೇಕಾದದ್ದು ಉತ್ತರ. 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವವರು ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಮನೆ ಬಾಗಿಲಲ್ಲಿ ಮಾರುವವರೂ ಇದನ್ನೇ ಪಾಲಿಸಿದರೆ ಕೆಡುವುದೇನಿಲ್ಲ. ಕೆಲಸದ ಗುಣಮಟ್ಟದ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ದಾರದ ಬಣ್ಣ ಬಿಟ್ಟಿದ್ದಕ್ಕೆ ಸಂಬಂಧಿಸಿದವು. ಕಡುಗೆಂಪು, ಕಡುನೀಲಿ, ಕಪ್ಪು ದಾರದ ಪ್ರತಿ ಹೊಸ ಲಡಿಯಿಂದ ಒಂದು ತುಂಡನ್ನು ನೆನೆಸಿ, ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು, ಬಿಸಿ ಇಸ್ತ್ರಿ ಒತ್ತಿ ನೋಡಿದರೆ ಬಣ್ಣ ಬಿಡುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಹಾಕಿದ ದಾರ ಬಣ್ಣ ಬಿಟ್ಟರೆ ಅದರ ಹೊಣೆ ಪೂರ್ತಿಯಾಗಿ ಘಟಕದ್ದೇ, ಸೀರೆಯ ಬೆಲೆಯನ್ನೂ ಕೊಡಬೇಕಾಗುತ್ತದೆ. ಬಳೆಗೆ ಸಿಕ್ಕಿ ಎಳೆ ಹರಿದು ಬಂದ ಸೀರೆಯನ್ನು ಮಾತ್ರ, ತಪ್ಪು ಯಾರದೆಂದು ಕೇಳದೆ, ನಾವು ಮೊದಲ ವರ್ಷ ಹಣ ತೆಗೆದುಕೊಳ್ಳದೆ ಸರಿಮಾಡಿಕೊಡುತ್ತೇವೆ. ಆಮೇಲೆ ತಗಲುವ ಗಂಟೆಗಳ ಕೂಲಿಯಷ್ಟೇ. ಇದಕ್ಕಾಗಿ ಪ್ರತಿ ಆರ್ಡರಿನಲ್ಲಿ ಉಳಿದ ದಾರವನ್ನು ಲಕೋಟೆಯೊಂದರಲ್ಲಿ ಹಾಕಿ, ಚೀಟಿಯ ನಕಲಿನೊಂದಿಗೆ ಎತ್ತಿಡುವುದು ರೂಢಿ, ಏಕೆಂದರೆ ಅದೇ ಸಂಖ್ಯೆಯ ದಾರವನ್ನು ಎರಡು ವರ್ಷ ಬಿಟ್ಟು ಕೊಂಡರೆ ಬಣ್ಣದಲ್ಲಿ ತುಸುವಾದರೂ ವ್ಯತ್ಯಾಸ ಬಂದಿರುತ್ತದೆ.