ರೆಡಿಸ್ ಚೆನ್ನಾಗಿಯೇ ಓಡುತ್ತಿರುವಾಗ ಮೆಮೊರಿ ಎಚ್ಚರಿಕೆ ಏಕೆ?

ಪ್ರಶ್ನೆ: ಮಂಡ್ಯದ ಬೆಲ್ಲದ ವರ್ತಕರು ಬಳಸುವ ಲೆಕ್ಕಪತ್ರದ ತಂತ್ರಾಂಶವೊಂದರ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿರುವ ರೆಡಿಸ್ ಎಂಬ ಡೇಟಾಬೇಸ್ ಆರಂಭವಾದಾಗಲೆಲ್ಲ ‘ಓವರ್‌ಕಮಿಟ್ ಮೆಮೊರಿಯ ಬೆಲೆ 0 ಇದೆ’ ಎಂಬ ಎಚ್ಚರಿಕೆ ಲಾಗ್‌ನಲ್ಲಿ ಕಾಣಿಸುತ್ತದೆ. ಕೆಲಸವೇನೂ ನಿಂತಿಲ್ಲ. ಹಾಗೆಯೇ ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಈವರೆಗೆ ಕೆಲಸ ನಿಂತಿಲ್ಲವೆಂದರೆ ಖಾಲಿ ಮೆಮೊರಿ ಇನ್ನೂ ಸಾಕಷ್ಟಿದೆ ಎಂದರ್ಥವೇ ಹೊರತು ಸೆಟ್ಟಿಂಗ್ ಸರಿಯಿದೆ ಎಂದಲ್ಲ. ಓವರ್‌ಕಮಿಟ್ ಎಂದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಇರುವುದಕ್ಕಿಂತ ಹೆಚ್ಚು ಮೆಮೊರಿ ಕೊಡುವುದಾಗಿ ಮಾತು ಕೊಡುವುದು. ಅದು ಹೇಗೆ ಮಾತು ಕೊಡಬೇಕೆಂಬುದನ್ನು ಈ ಸೆಟ್ಟಿಂಗ್‌ನ ಬೆಲೆ (0, 1 ಅಥವಾ 2) ತೀರ್ಮಾನಿಸುತ್ತದೆ.

ರೆಡಿಸ್ ತನ್ನ ದತ್ತಾಂಶವನ್ನೆಲ್ಲ ರ್‍ಯಾಮ್‌ನಲ್ಲಿಯೇ ಇಟ್ಟುಕೊಂಡಿರುತ್ತದೆ. ಅದನ್ನು ಹಿನ್ನೆಲೆಯಲ್ಲಿ ಡಿಸ್ಕ್‌ಗೆ ಉಳಿಸಬೇಕಾದಾಗ ಫೋರ್ಕ್ ಮಾಡಿ, ತನ್ನಂತೆಯೇ ಇರುವ ಮರಿ ಪ್ರೊಸೆಸ್ಸೊಂದನ್ನು ಹುಟ್ಟಿಸುತ್ತದೆ. ಇವೆರಡೂ ಒಂದೇ ಮೆಮೊರಿ ಪುಟಗಳನ್ನು ಹಂಚಿಕೊಳ್ಳುವುದರಿಂದ, ಉಳಿಸುವ ಹೊತ್ತಿನಲ್ಲಿ ಬದಲಾದ ಪುಟಗಳಿಗೆ ಮಾತ್ರ ಹೊಸ ಜಾಗ ಬೇಕಾಗುತ್ತದೆ. ಆದರೆ ಎಷ್ಟು ಪುಟ ಬದಲಾದೀತೆಂಬುದು ಕರ್ನಲ್‌ಗೆ ಮೊದಲೇ ತಿಳಿಯದು. ಹೀಗಾಗಿ 3 ಜಿಬಿ ದತ್ತಾಂಶವಿದ್ದು 2 ಜಿಬಿ ಮಾತ್ರ ಖಾಲಿಯಿದ್ದರೆ, ಬೆಲೆ 0 ಇರುವಾಗ ಅದು ಫೋರ್ಕ್‌ಗೆ ಒಪ್ಪದೇ ಹೋಗಬಹುದು.

ನಾಲೆಯ ನೀರಿನ ಸರದಿ ಬಲ್ಲ ನಿಮ್ಮ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲ ಗದ್ದೆಗಳ ತೂಬೂ ಒಂದೇ ದಿನ ತೆರೆಯುವುದಿಲ್ಲವೆಂದು ನಂಬಿ, ಕೇಳಿದವರಿಗೆಲ್ಲ ನೀರಿನ ಭರವಸೆ ಕೊಡುವುದು ಬೆಲೆ 1. ಗೊತ್ತುಮಾಡಿದ ಮಿತಿಯನ್ನು ದಾಟಿ ಯಾರಿಗೂ ಮಾತು ಕೊಡದಿರುವುದು ಬೆಲೆ 2. ಅಂದಾಜು ಮಾಡಿ, ತೀರ ಅತಿಯೆನಿಸಿದ ಬೇಡಿಕೆಯನ್ನು ಮಾತ್ರ ತಳ್ಳಿಹಾಕುವುದು ಬೆಲೆ 0.

ಫೋರ್ಕ್ ವಿಫಲವಾದರೆ ದತ್ತಾಂಶ ಡಿಸ್ಕ್‌ಗೆ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಉಳಿಸುವಿಕೆ ವಿಫಲವಾದ ಮೇಲೆ ಹೊಸ ಬರಹಗಳನ್ನು ನಿರಾಕರಿಸುವುದೇ ರೆಡಿಸ್‌ನ ಮೂಲ ಸೆಟ್ಟಿಂಗ್. ಹಳೆಯ ಲೆಕ್ಕ ತೆರೆಯುತ್ತದೆ, ಹೊಸ ಬಿಲ್ಲು ಮಾತ್ರ ದಾಖಲಾಗುವುದಿಲ್ಲ. ವಹಿವಾಟು ಭರದಿಂದ ಸಾಗಿರುವ ಬೆಳಿಗ್ಗೆ ಹೀಗಾಗುವುದನ್ನು ನೀವು ಖಂಡಿತ ಬಯಸಲಾರಿರಿ.

ಪರಿಹಾರ ಚಿಕ್ಕದು. ಕರ್ನಲ್‌ನ ಸೆಟ್ಟಿಂಗ್‌ಗಳನ್ನು ಬರೆಯುವ ಸಿಸ್‌ಸಿಟಿಎಲ್ ಕಡತದಲ್ಲಿ ಈ ಬೆಲೆಯನ್ನು 1 ಎಂದು ಬರೆದು, ಅದೇ ಹೆಸರಿನ ಆದೇಶದಿಂದ ಕೂಡಲೇ ಜಾರಿಗೊಳಿಸಿ, ಯಂತ್ರವನ್ನು ಮರುಪ್ರಾರಂಭಿಸಬೇಕಿಲ್ಲ. ರೆಡಿಸ್ ಡಾಕರ್ ಕಂಟೈನರ್‌ನಲ್ಲಿ (ತಂತ್ರಾಂಶವನ್ನು ಬೇರ್ಪಡಿಸಿ ಓಡಿಸುವ ಪೊಟ್ಟಣದಲ್ಲಿ) ಇದ್ದರೆ ಬದಲಾವಣೆಯನ್ನು ಹೊರಗಿನ ಯಂತ್ರದಲ್ಲಿಯೇ ಮಾಡಬೇಕು, ಏಕೆಂದರೆ ಕರ್ನಲ್ ಇರುವುದು ಅಲ್ಲಿ.

ಆದರೆ ಭರವಸೆ ಕೊಟ್ಟ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ. ಮೆಮೊರಿ ನಿಜವಾಗಿಯೂ ಮುಗಿದುಹೋದರೆ ಕರ್ನಲ್ ಯಾವುದಾದರೊಂದು ಪ್ರೊಸೆಸ್ಸನ್ನು ಕೊಂದುಬಿಡುತ್ತದೆ, ಅದು ರೆಡಿಸ್ಸೇ ಆಗಿರಬಹುದು. 64 ಬಿಟ್ ಯಂತ್ರದಲ್ಲಿ ರೆಡಿಸ್‌ಗೆ ಮೂಲತಃ ಮೆಮೊರಿ ಮಿತಿಯೇ ಇರುವುದಿಲ್ಲವಾದ್ದರಿಂದ ಮ್ಯಾಕ್ಸ್‌ಮೆಮೊರಿ ಎಂಬ ಸೆಟ್ಟಿಂಗ್‌ನಿಂದ ಆ ಮಿತಿಯನ್ನು ನೀವೇ ನಿಗದಿಪಡಿಸಿ. ಬರಹ ಹೆಚ್ಚಿರುವ ಕಡೆ ಧಾರಾಳವಾಗಿ ಜಾಗ ಬಿಡುವುದೇ ಕ್ಷೇಮ.

ಅದೇ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಕೂಡ ಇದೆಯೇ ಎಂದು ನೋಡಿಕೊಳ್ಳಿ. ಅದರ ಅಧಿಕೃತ ಕೈಪಿಡಿ ಸೂಚಿಸುವುದು ಬೆಲೆ 2ನ್ನು. ಒಂದು ಕರ್ನಲ್‌ಗೆ ಒಂದೇ ಬೆಲೆ ಇರಲು ಸಾಧ್ಯವಾದ್ದರಿಂದ ಎರಡನ್ನೂ ಬೇರೆ ಯಂತ್ರಗಳಲ್ಲಿ ಇಡುವುದು ಮೇಲೆಂಬುದು ನನ್ನ ಅಭಿಪ್ರಾಯ.

ಬದಲಾವಣೆಯ ನಂತರ, ಹಿನ್ನೆಲೆಯಲ್ಲಿ ಡಿಸ್ಕ್‌ಗೆ ಉಳಿಸಲು ಹೇಳುವ ಬಿಜಿಸೇವ್ ಆದೇಶವನ್ನು ಒಮ್ಮೆ ನೀವೇ ಕೊಟ್ಟು, ಉಳಿಸುವಿಕೆ ಯಶಸ್ವಿಯಾಯಿತೆಂಬ ಸಾಲು ಲಾಗ್‌ನಲ್ಲಿ ಬಂದಿದೆಯೇ ಎಂದು ನೋಡಿ.