ಪದ ಪರಿಚಯ: ಸಾಹುಕಾರ

ಉತ್ತರ ಕರ್ನಾಟಕದ ಪೇಟೆಯಲ್ಲಿ ‘ಏನ್ರೀ ಸಾವ್ಕಾರ್ರ, ಆರಾಮೇನ್ರಿ?’ ಅಂತ ಯಾರಾದರೂ ಕೇಳಿದರೆ ಅದು ಗೌರವದ ಮಾತು. ಅದೇ ಪದ ಹಳೇ ಸಿನಿಮಾದಲ್ಲಿ ಕಿವಿಗೆ ಬಿದ್ದರೆ ಸಾಕು, ಖಳ ಯಾರು ಅಂತ ಗೊತ್ತಾಗಿಬಿಡುತ್ತದೆ.

ಸಾಹುಕಾರ ಅನ್ನೋದು ಹಿಂದಿ ಕಡೆಯಿಂದ ನಮಗೆ ಬಂದ ಪದ. ‘ಸಾಹು’ವಿನ ಬೇರು ಸಂಸ್ಕೃತದ ‘ಸಾಧು’. ಸಾಧು ಅಂದರೆ ಒಳ್ಳೆಯವನು, ನಂಬಿಕಸ್ಥ. ಬ್ಯಾಂಕು ಇಲ್ಲದ ಕಾಲದಲ್ಲಿ ಹಣದ ವ್ಯವಹಾರ ನಡೀತಾ ಇದ್ದದ್ದೇ ಮಾತಿನ ಮೇಲೆ. ಹಾಗಾಗಿ ಮಾತಿಗೆ ತಪ್ಪದ ವ್ಯಾಪಾರಿಗೆ ಈ ಹೆಸರು ಬಂತು. ಆಮೇಲೆ ಸಾಲ ಕೊಡುವವನು, ಕೊನೆಗೆ ಸುಮ್ನೆ ‘ದುಡ್ಡಿರೋನು’ ಅನ್ನೋ ಅರ್ಥಗಳೂ ಸೇರಿಕೊಂಡವು.

ಜಮೀನ್ದಾರ ಬೇರೆ, ಸಾಹುಕಾರ ಬೇರೆ. ಒಬ್ಬನ ಬಲ ಭೂಮಿ, ಇನ್ನೊಬ್ಬನದು ನಗದು ಮತ್ತು ಖಾತೆ ಪುಸ್ತಕ. ಸಿನಿಮಾಗಳು ಎಷ್ಟೋ ಸಲ ಇಬ್ಬರನ್ನೂ ಒಂದೇ ಮಾಡಿಬಿಟ್ಟಿವೆ. ಸಾಲಕ್ಕೆ ಹೊಲ ಬರೆಸಿಕೊಂಡವನು ಕೊನೆಗೆ ಭೂಮಾಲೀಕನೂ ಆಗುತ್ತಾನಲ್ಲ, ಅದಕ್ಕೇ ಇರಬೇಕು.

ತೆರೆಯ ಮೇಲಿನ ಸಾಹುಕಾರನನ್ನು ಹತ್ತಿರದಿಂದ ನೋಡಬೇಕಾದರೆ 1957ರ ಹಿಂದಿ ಸಿನಿಮಾ ‘ಮದರ್ ಇಂಡಿಯಾ’ ನೋಡಬೇಕು. ಅಲ್ಲಿ ಸಾಲ ಬರೀ 500 ರೂಪಾಯಿ, ಒಂದು ರೈತ ಕುಟುಂಬ ಮದುವೆ ಖರ್ಚಿಗೆ ತಗೊಂಡದ್ದು. ಪತ್ರದಲ್ಲಿ ಏನು ಬರೆದಿದೆ ಅಂತ ಓದೋಕೆ ಮನೆಯಲ್ಲಿ ಯಾರಿಗೂ ಬರಲ್ಲ. ಪಂಚಾಯ್ತಿ ಸೇರುತ್ತದೆ, ತೀರ್ಪು ಸಾಲ ಕೊಟ್ಟ ಸಾಹುಕಾರ ಸುಖಿಲಾಲನ ಕಡೆಗೆ ಆಗುತ್ತದೆ. ಬೆಳೆಯ ಮುಕ್ಕಾಲು ಪಾಲು ಬಡ್ಡಿಗೇ ಹೋಗುತ್ತದೆ. ಅಸಲು ಹಾಗೇ ಉಳಿಯುತ್ತದೆ. ಅವನು ಯಾರಿಗೂ ಹೊಡೆಯಬೇಕಾಗಿಯೇ ಇಲ್ಲ, ಅವನ ಕೆಲಸವನ್ನೆಲ್ಲ ಆ ಪುಸ್ತಕವೇ ಮಾಡುತ್ತದೆ. ಆ ಮನೆಯ ಮಗ ಬಿರ್ಜು ಕೊನೆಗೆ ಖಾತೆಗಳಿಗೆ ಬೆಂಕಿ ಹಚ್ಚುವುದು ಅದಕ್ಕೇ.

ನಮ್ಮೂರುಗಳ ಲೆಕ್ಕದಲ್ಲೇ ನೋಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಕೇಳೋಕೆ ಸಣ್ಣದು. 500 ರೂಪಾಯಿಗೆ ತಿಂಗಳಿಗೆ 15, ವರ್ಷಕ್ಕೆ 180. ಮೂರು ವರ್ಷಕ್ಕೆ ಕಟ್ಟಿದ್ದು 540 ರೂಪಾಯಿ. ಅಸಲಿಗಿಂತ ಜಾಸ್ತಿ ಕಟ್ಟಿಯೂ 500ರ ಸಾಲ ಹಾಗೇ ಇದೆ! ಇದಿನ್ನೂ ಚಕ್ರಬಡ್ಡಿಯೂ ಅಲ್ಲ.

ಸುಖಿಲಾಲನ ಪಾತ್ರ ಮಾಡಿದ್ದು ಕನ್ಹಯ್ಯಾಲಾಲ್. ನಿರ್ದೇಶಕ ಮೆಹಬೂಬ್ ಖಾನ್ ಇದೇ ಕತೆಯನ್ನು 1940ರಲ್ಲಿ ‘ಔರತ್’ ಅಂತ ತೆಗೆದಾಗಲೂ ಸುಖಿಲಾಲ ಅವರೇ. ನಡುವೆ ದೇಶಕ್ಕೆ ಸ್ವಾತಂತ್ರ್ಯ ಬಂತು, ಸಾಹುಕಾರ ಬದಲಾಗಲಿಲ್ಲ. ನನಗೆ ಈ ವಿಷಯ ತುಂಬಾ ಕಾಡುತ್ತದೆ.

ಕನ್ನಡದಲ್ಲಿ ಈ ಪದ ಅಂದ ಕೂಡಲೇ ನೆನಪಾಗೋದು 1974ರ ‘ಸಂಪತ್ತಿಗೆ ಸವಾಲ್’. ಪಿ.ಬಿ. ಧುತ್ತರಗಿ ಅವರ ನಾಟಕ ಸಿನಿಮಾ ಆದದ್ದು. ವಜ್ರಮುನಿ ಅವರ ಸಾಹುಕಾರ ಸಿದ್ದಪ್ಪನ ಎದುರು ರಾಜ್‌ಕುಮಾರ್ ಅವರ ಭದ್ರ ನಿಲ್ಲುತ್ತಾನೆ. ಅದೇ ವರ್ಷ ರಾಜ್ಯದಲ್ಲಿ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿಯಾಯಿತು, 1976ರಲ್ಲಿ ಋಣ ಪರಿಹಾರ ಕಾಯ್ದೆಯೂ ಬಂತು. ಊರಲ್ಲಿ ಗೇಣಿ, ಸಾಲ, ಒತ್ತೆಯದೇ ಮಾತು ನಡೆಯುತ್ತಿದ್ದ ದಿನಗಳವು. ಟೆಂಟಿನಲ್ಲಿ ಕೂತು ಸಿನಿಮಾ ನೋಡಿದವರಿಗೆ ಸಿದ್ದಪ್ಪ ಯಾರು ಅಂತ ವಿವರಿಸಬೇಕಾಗಿರಲಿಲ್ಲ, ಅಲ್ವಾ?

ಹಾಗಂತ ನಮ್ಮ ಸಿನಿಮಾ ದುಡ್ಡನ್ನೇ ಕೆಟ್ಟದ್ದು ಅಂದಿಲ್ಲ. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜೀವ ಬರಡು ನೆಲ ಉತ್ತು ಶ್ರೀಮಂತನಾಗುತ್ತಾನೆ. ಜನ ಅದನ್ನು ಹಬ್ಬದಂತೆ ನೋಡಿದರು. ಅವನ ಬೆನ್ನಿಗೆ ನಿಲ್ಲುವ ರಾಚುಟಪ್ಪನೂ ದುಡ್ಡಿರೋನೇ. ಬಾಲಕೃಷ್ಣ ಅವರ ಆ ಪಾತ್ರ ನೋಡುವಾಗ ‘ಸಾಧು’ ಅನ್ನೋ ಹಳೇ ಅರ್ಥ ಸ್ವಲ್ಪ ಇನ್ನೂ ಉಳಿದಿದೆ ಅನಿಸುತ್ತದೆ. ಬೆವರಿನಿಂದ ಬಂದ ದುಡ್ಡಿಗೆ, ಕೈಹಿಡಿದ ದುಡ್ಡಿಗೆ ನಮ್ಮ ಪ್ರೇಕ್ಷಕರು ಯಾವತ್ತೂ ಮರ್ಯಾದೆ ಕೊಟ್ಟಿದ್ದಾರೆ. ಕೂತಲ್ಲೇ ಬೆಳೆಯುವ ಬಡ್ಡಿಯ ಮೇಲೆ ಅವರ ಸಿಟ್ಟು.

ಈಗ ತೆರೆಯ ಮೇಲೆ ಸಾಹುಕಾರ ಕಡಿಮೆ. ಅವನ ಜಾಗಕ್ಕೆ ಬಿಲ್ಡರ್, ರಿಯಲ್ ಎಸ್ಟೇಟ್ ಡಾನ್, ಕೋಟು ಹಾಕಿದ ಕಂಪನಿ ಮಾಲೀಕ ಬಂದಿದ್ದಾರೆ. ಸಾಲ ಮಾತ್ರ ಹೋಗಿಲ್ಲ. ಕಂತು ವಸೂಲಿಯ ಕಿರುಕುಳ ತಡೆಯೋಕೆ 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಾಗಿಲಿಗೆ ಬಂದು ನಿಲ್ಲುವವರನ್ನು ಈಗ ಹಳ್ಳಿಯಲ್ಲಿ ಯಾರೂ ಸಾಹುಕಾರ ಅನ್ನೋದಿಲ್ಲ, ‘ಫೈನಾನ್ಸ್‌ನೋರು’ ಅಂತಾರೆ. ಸುಖಿಲಾಲನಿಗೆ ಒಂದು ಮುಖ ಇತ್ತು, ಒಂದು ಮನೆ ಇತ್ತು, ಸುಡೋಕೆ ಒಂದು ಪುಸ್ತಕ ಇತ್ತು. ಮೊಬೈಲಿನಲ್ಲಿ ಬರುವ ಕಂತಿನ ಮೆಸೇಜಿಗೆ ಇವ್ಯಾವುದೂ ಇಲ್ಲ.